ಗೊಂಬೆ ಮೇಲೆ ಬಲ್ಬಿನ ಚುಕ್ಕೆ ಬೀಳ್ತಿದೆ, ಏನ್ಮಾಡ್ಲಿ?

ಪ್ರಶ್ನೆ: ಸರ್, ನಮ್ದು ಚನ್ನಪಟ್ಟಣ, ಅರಗಿನ ಗೊಂಬೆ ಮಾಡಿ ವಾಟ್ಸಾಪಲ್ಲಿ ಮಾರ್ತೀವಿ. ಮೊಬೈಲಲ್ಲಿ ಫೋಟೋ ತೆಗೆದ್ರೆ ಗೊಂಬೆ ಮೇಲೆಲ್ಲಾ ಬಲ್ಬಿನ ಬಿಳಿ ಚುಕ್ಕೆ, ಒಂದ್ ಕಡೆ ಕಪ್ಪು ನೆರಳು. ಸ್ಟುಡಿಯೋ ಲೈಟ್ ತಗೊಳ್ಳೋಷ್ಟು ದುಡ್ಡಿಲ್ಲ. ದಾರಿ ಇದ್ಯಾ?

ಉತ್ತರ: ಇದೆ ರೀ. ಸ್ಟುಡಿಯೋ ಲೈಟನ್ನ ಬರೀ ಹಾಗೇ ಹಚ್ಚಿದ್ರೂ ಆ ಚುಕ್ಕೆ ಬರ್ತಿತ್ತು, ಯಾಕಂದ್ರೆ ಅರಗಿನ ಹೊಳಪು ಕನ್ನಡಿ ತರ, ಎದುರಿಗಿರೋದನ್ನೇ ತೋರ್ಸುತ್ತೆ, ಹಾಗಾಗಿ ಬೆಳಕನ್ನ ಜಾಸ್ತಿ ಮಾಡೋದಲ್ಲ, ಅಗಲ ಮಾಡ್ಬೇಕು. ದೊಡ್ಡ ರಟ್ಟಿನ ಡಬ್ಬ ತಗೊಳ್ಳಿ, ಮೇಲ್ಗಡೆ ಮತ್ತೆ ಒಂದು ಪಕ್ಕ ಕತ್ತರ್ಸಿ ಬಟರ್ ಪೇಪರ್ ಅಂಟ್ಸಿ, ಒಳಗೆ ಬಿಳಿ ಡ್ರಾಯಿಂಗ್ ಶೀಟನ್ನ ಹಿಂದಿನಿಂದ ಕೆಳಗಿನವರೆಗೂ ಮಡಿಕೆ ಬೀಳದ ಹಾಗೆ ಬಾಗ್ಸಿ ಇಡಿ, ಇನ್ನೊಂದು ಪಕ್ಕಕ್ಕೆ ಥರ್ಮಾಕೋಲ್ ತುಂಡು, ನೆರಳು ತಾನೇ ತಿಳಿಯಾಗುತ್ತೆ. ಬಲ್ಬನ್ನ ಪೇಪರಿಗೆ ತಾಗ್ಸಬೇಡಿ, ಒಂದಡಿ ಹಿಂದಿಟ್ರೆ ಪೇಪರ್ ಪೂರ್ತಿ ಬೆಳಗುತ್ತೆ, ಅದೇ ನಿಮ್ಮ ಲೈಟು!

ಎಲ್‌ಇಡಿ ಬಲ್ಬು 9 ವ್ಯಾಟಿನವು ಎರಡು ಸಾಕು, ಎರಡೂ 6500 ಕೆಲ್ವಿನ್ನೇ, ಅಂದ್ರೆ ಬಿಳಿ ಬೆಳಕಿನವೇ ಇರ್ಲಿ. ಒಂದು ಹಳದಿ ಒಂದು ಬಿಳಿ ಆದ್ರೆ ಗೊಂಬೆ ಅರ್ಧ ಒಂದ್ ಬಣ್ಣ, ಅರ್ಧ ಇನ್ನೊಂದು. ಪ್ಯಾಕೆಟ್ ಮೇಲೆ ಸಿಆರ್‌ಐ (ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) 90 ಅಂತಿದ್ರೆ ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ, ಕೆಂಪು ಕೆಂಪಾಗೇ ಕಾಣುತ್ತೆ, ನಿಮ್ ಗಿರಾಕಿ ಜಗಳ ತೆಗೆಯಲ್ಲ. ಹಳೇ ಹ್ಯಾಲೋಜನ್ ಮಾತ್ರ ಬೇಡ, ಕಾಗದ ಹೊತ್ಕೊಂಡೀತು.

ಫೋಟೋದಲ್ಲಿ ಪಟ್ಟೆ ಪಟ್ಟೆ ಬಂದ್ರೆ ಗಾಬರಿ ಬೇಡ, ನಮ್ ಕರೆಂಟು 50 ಹರ್ಟ್ಜ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ, ಫೋನಿನ ಪ್ರೋ ಮೋಡಲ್ಲಿ ಶಟರ್ (ಬೆಳಕು ಒಳಗೆ ಬಿಡೋ ಸಮಯ) 1/50 ಸೆಕೆಂಡಿಗೆ ಇಟ್ರೆ ಪೂರ್ತಿ ಎರಡು ಮಿನುಗು ಸೇರಿ ಪಟ್ಟೆ ಹೋಗುತ್ತೆ, ಕೈ ಅಲುಗಿದ್ರೆ ಮಸುಕಾಗುತ್ತೆ, ಅದಕ್ಕೆ ಫೋನನ್ನ ಸ್ಟ್ಯಾಂಡಿಗೆ ಹಾಕಿ ತೆಗೀರಿ.