ಬೆಳ್ಳಿಗೆ ತುಕ್ಕು ಹಿಡಿಯುವುದಿಲ್ಲ

ಪ್ರಿಯ ಬರಹಗಾರರೇ,

'ಹೊಳಪು ಹೋದಾಗ' ಎಂಬ ನಿಮ್ಮ ಲೇಖನ ತಲುಪಿತು. ಹೊಳಪು ಮಂಕಾಗುವುದನ್ನು ಹೇಳುವ 'ಟಾರ್ನಿಷ್' ಎನ್ನುವ ಒಂದೇ ಇಂಗ್ಲಿಷ್ ಪದದ ಅರ್ಥ, ಬಳಕೆ ಹಿಡಿದುಕೊಂಡು ನಾಲ್ಕು ಪುಟ ಬರೆದಿದ್ದೀರಿ. ಒಳ್ಳೆಯ ವಿಷಯ. ಭಾಷೆ ಸರಾಗವಾಗಿದೆ. ಮೊದಲ ವಾಕ್ಯವಂತೂ ನನಗೆ ತುಂಬಾ ಹಿಡಿಸಿತು: "ಪೆಟ್ಟಿಗೆಯಲ್ಲಿಟ್ಟಿದ್ದ ಬೆಳ್ಳಿ ಬಟ್ಟಲನ್ನು ವರ್ಷದ ಮೇಲೆ ತೆಗೆದಾಗ ಅದು ಬೇರೆ ಯಾರದ್ದೋ ಅನ್ನಿಸಿತು."

ಎರಡನೇ ಪ್ಯಾರಾದಲ್ಲಿ ಮಾತ್ರ ನಿಂತುಬಿಟ್ಟೆ. ನೀವು ಹೀಗೆ ಬರೆದಿದ್ದೀರಿ: "ಟಾರ್ನಿಷ್ ಎಂದರೆ ತುಕ್ಕು ಹಿಡಿಯುವುದು. ಬೆಳ್ಳಿಯ ಹೊಳಪು ಶಾಶ್ವತವಾಗಿ ಕಳೆದುಹೋಗುತ್ತದೆ." ಎರಡು ಪುಟ್ಟ ವಾಕ್ಯ, ಎರಡೂ ತಪ್ಪು. ಒಂದು ಪದದ ಅರ್ಥ ಹೇಳಲು ಹೊರಟ ಲೇಖನದಲ್ಲಿ ಅರ್ಥ ಹೇಳುವ ವಾಕ್ಯವೇ ತಪ್ಪಾದರೆ ಹೇಗೆ?

ಮೊದಲು ತುಕ್ಕಿನ ಮಾತು. ತುಕ್ಕು ಕಬ್ಬಿಣದ್ದು. ನೀರು, ಗಾಳಿ ಸೇರಿದರೆ ಕಬ್ಬಿಣ ತುಕ್ಕಾಗುತ್ತದೆ. ಅದು ಪುಡಿಪುಡಿಯಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ, ಅದಕ್ಕೂ ಹಿಡಿಯುತ್ತದೆ. ಒಳಗೊಳಗೇ ತಿನ್ನುತ್ತಾ ಹೋಗುವ ರೋಗ ಅದು. ಬೆಳ್ಳಿಯ ಕಥೆ ಬೇರೆ. ಗಾಳಿಯಲ್ಲಿ ಬಹಳ ಸಣ್ಣ ಪ್ರಮಾಣದಲ್ಲಿರುವ, ಗಂಧಕ ಸೇರಿದ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಯ ಮೈಗೆ ತಾಗಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದು ತೆಳುವಾದ ಪದರ. ಮೊದಲು ಹಳದಿ ಛಾಯೆ, ಆಮೇಲೆ ಕಂದು, ಕೊನೆಗೆ ಕಪ್ಪು. ಒಳಗಿನ ಬೆಳ್ಳಿ ಬೆಳ್ಳಿಯಾಗಿಯೇ ಇರುತ್ತದೆ. ನಿಮ್ಮ ಬಟ್ಟಲನ್ನು ಯಾರೂ ಮುಟ್ಟದೆ ಇದ್ದರೂ ಕಪ್ಪಾಗಿದ್ದು ಇದಕ್ಕೇ. ಉಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಿರಾ? ರಬ್ಬರ್ ಬ್ಯಾಂಡ್ ಹಾಕಿದ್ದಿರಾ? ಎರಡರಲ್ಲೂ ಗಂಧಕ ಇರುತ್ತದೆ, ಬೆಳ್ಳಿ ಇನ್ನೂ ಬೇಗ ಕಪ್ಪಾಗುತ್ತದೆ.

ಇನ್ನು 'ಶಾಶ್ವತವಾಗಿ'. ಈ ಪದ ನನ್ನನ್ನು ಜಾಸ್ತಿ ಕಾಡಿತು. ಕಪ್ಪಾದ ಬೆಳ್ಳಿಯನ್ನು ಅಡುಗೆ ಸೋಡಾ ಹಾಕಿದ ಬಿಸಿ ನೀರಿನಲ್ಲಿ ಅಲ್ಯೂಮಿನಿಯಂ ಹಾಳೆಗೆ ತಾಗಿಸಿ ಇಟ್ಟು ನೋಡಿ. ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಪದರದಲ್ಲಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗುತ್ತದೆ. ಉಜ್ಜಿದರೂ ಹೊಳಪು ಬರುತ್ತದೆ, ಆದರೆ ಉಜ್ಜಿದಷ್ಟು ಸಲವೂ ಚೂರು ಬೆಳ್ಳಿ ಹೋಗುತ್ತದೆ. ಬರೀ ಬೆಳ್ಳಿ ಲೇಪನದ ಪಾತ್ರೆಯಾದರೆ ಒಂದು ದಿನ ಒಳಗಿನ ಲೋಹವೇ ಕಾಣಿಸಿಕೊಳ್ಳುತ್ತದೆ. ಎಂಥ ಮಾತು ಇದು! ಮುಚ್ಚಿದ ಹೊಳಪು ವಾಪಸ್ ಬರುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. ಇಂಗ್ಲಿಷಿನವರು ಹೆಸರು ಕೆಟ್ಟವರ ಬಗ್ಗೆ 'ಟಾರ್ನಿಷ್ಡ್' ಎನ್ನುವಾಗ ಈ ಎರಡೂ ಅರ್ಥ ಅದರ ಬೆನ್ನಿಗಿರುತ್ತವೆ. ನಿಮ್ಮ ಲೇಖನದ ಜೀವ ಇಲ್ಲಿತ್ತು. 'ಶಾಶ್ವತವಾಗಿ' ಅಂದು ನೀವು ಅದನ್ನು ಮುಚ್ಚಿಬಿಟ್ಟಿರಿ. ಈ ಪದ ಫ್ರೆಂಚಿನ 'ಟೆರ್ನಿರ್'ನಿಂದ ಬಂತು ಎಂದು ಕೊನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಅದರ ಅರ್ಥ 'ಮಂಕಾಗಿಸು' ಎಂದು. ಉತ್ತರ ನಿಮ್ಮ ಕೈಯಲ್ಲೇ ಇತ್ತು ಅಲ್ವಾ?

ತುಕ್ಕಿನ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರಲು ಕೊಟ್ಟಿದ್ದರು. ಒಂದು ಸಂಸ್ಥೆಯ ಹೆಸರು ಟಾರ್ನಿಷ್ ಆಯಿತು ಎಂದಿತ್ತು. ನಾನು "ಸಂಸ್ಥೆಯ ಹೆಸರಿಗೆ ತುಕ್ಕು ಹಿಡಿಯಿತು" ಎಂದು ಬರೆದೆ. ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ. ಪಕ್ಕದ ಮೇಜಿನ ಹಿರಿಯರು ಹಾಳೆ ನೋಡಿ ಕೇಳಿದರು, "ತುಕ್ಕು ಹಿಡಿದದ್ದು ಕೊನೆಗೆ ಏನಾಗುತ್ತೆ?" ಉದುರುತ್ತೆ ಅಂದೆ. "ಈ ಸಂಸ್ಥೆ ಉದುರಿತಾ?" ಇಲ್ಲ ಅಂದೆ. ಅವರು ಹಾಳೆ ವಾಪಸ್ ಕೊಟ್ಟರು. ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು. ಹೊಳಪು ಹೋಗುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತಿದೆಯೋ ಅಷ್ಟನ್ನೂ, ಯಾವುದಕ್ಕೆ ಯಾವುದು ಅಂತ, ಬರೆದು ತರಬೇಕು. ಬಟ್ಟೆ ಮಾಸುತ್ತದೆ. ಮುಖ ಬಾಡುತ್ತದೆ. ದೀಪ ಮಂಕಾಗುತ್ತದೆ. ಕನ್ನಡಿ ಮಬ್ಬಾಗುತ್ತದೆ. ತಾಮ್ರ ಕಿಲುಬು ಹಿಡಿಯುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ಮನೆ ಕಳೆಗುಂದುತ್ತದೆ. ಆ ರಾತ್ರಿ ಬರೆದ ಪಟ್ಟಿ ಈಗಲೂ ನನ್ನ ಬಳಿ ಇದೆ. ಹಾಳೆ ಹಳದಿಯಾಗಿದೆ, ಆದರೆ ಒಂದು ಪದವನ್ನೂ ಅದರಿಂದ ತೆಗೆದಿಲ್ಲ.

ಅದಕ್ಕೇ ನಿಮ್ಮ ಮೂರನೇ ಪುಟದ ಈ ವಾಕ್ಯ ನನಗೆ ತಡೆಯಲಾಗಲಿಲ್ಲ: "ಅವಳ ಕಣ್ಣುಗಳು ಟಾರ್ನಿಷ್ ಆಗಿದ್ದವು ಎಂದೂ ಬಳಸಬಹುದು." ಕಣ್ಣಿಗೆ ಆ ಪದ ಒಗ್ಗುವುದಿಲ್ಲ. ಕಣ್ಣಿಗೆ ಇಂಗ್ಲಿಷಿನಲ್ಲಿ ಮಂಕು ಎನ್ನುವ 'ಡಲ್' ಇದೆ, ಹೊಳಪಿಲ್ಲದ್ದು ಎನ್ನುವ 'ಲ್ಯಾಕ್‌ಲಸ್ಟರ್' ಇದೆ. ಷೇಕ್ಸ್‌ಪಿಯರ್ 'ಆಸ್ ಯು ಲೈಕ್ ಇಟ್' ನಾಟಕದಲ್ಲಿ 'ಲ್ಯಾಕ್‌ಲಸ್ಟರ್' ಬಳಸಿದ್ದು ಕಣ್ಣಿಗೇ. ಈಗ ಅದು ಹೆಚ್ಚಾಗಿ ಸಪ್ಪೆ ಆಟಕ್ಕೆ, ಸಪ್ಪೆ ಭಾಷಣಕ್ಕೆ ಬರುತ್ತದೆ. ಆ ಪದಕ್ಕೆ ಹಿಂದೆ ಹೊಳಪು ಇರಲೇಬೇಕು ಎಂಬ ಹಂಗಿಲ್ಲ. ಟಾರ್ನಿಷ್‌ಗೆ ಇದೆ. ಮೊದಲೇ ಕೆಟ್ಟ ಹೆಸರಿದ್ದವನ ಬಗ್ಗೆ ಆ ಮಾತು ಬಳಸಲಾಗುವುದಿಲ್ಲ.

ಅದರ ಕೆಳಗೇ "ಅವರ ಹೆಸರಿಗೆ ಮಸಿ ಬಳಿದರು, ಇದೇ ಟಾರ್ನಿಷ್" ಎಂದಿದ್ದೀರಿ. ಹತ್ತಿರ ಬಂದಿದ್ದೀರಿ, ಆದರೆ ಮುಟ್ಟಿಲ್ಲ. ಮಸಿ ಬಳಿಯಲು ಹೊರಗಿನಿಂದ ಒಂದು ಕೈ ಬೇಕು. ಟಾರ್ನಿಷ್ ಆಗಲು ಬೇಕೇ ಬೇಕು ಅಂತಿಲ್ಲ. ಅವರವರ ನಡತೆಯಿಂದಲೇ ಹೆಸರು ಮಂಕಾಗಬಹುದು. "ಹೆಸರು ಮಾಸಿತು" ಅಂದು ನೋಡಿ. ಸರಿಯಾಗಿ ಕೂರುತ್ತದೆ.

ಉಳಿದ ಭಾಗದ ಬಗ್ಗೆ ನನ್ನದೇನೂ ತಕರಾರಿಲ್ಲ. ಕಣ್ಣಿನ ವಾಕ್ಯ ತೆಗೆದುಬಿಡಿ, ಎರಡನೇ ಪ್ಯಾರಾ ಹೊಸದಾಗಿ ಬರೆಯಿರಿ. ಇನ್ನೊಂದು ಮಾತು. ಮೊದಲ ವಾಕ್ಯದ ಬಟ್ಟಲು ಲೇಖನದಲ್ಲಿ ಮತ್ತೆ ಬರುವುದೇ ಇಲ್ಲ. ಅದನ್ನು ಉಜ್ಜಿದಿರಾ? ಹಾಗೇ ಒಳಗಿಟ್ಟಿರಾ? ನನಗೆ ಗೊತ್ತಾಗಬೇಕು. ಅದನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ