ಟಾನ್ಸಿಲ್ ತೆಗೆದದ್ದು, ಕಿವಿ ಯಾಕೆ ನೋಯ್ತದೆ?

ಪ್ರಶ್ನೆ: 5 ವರ್ಷದ ಮಗಳಿಗೆ ಮಂಗ್ಳೂರಲ್ಲಿ ಟಾನ್ಸಿಲ್ ಆಪರೇಶನ್ ಮಾಡಿಸಿ ಮನೆಗೆ ಕರ್ಕೊಂಡು ಬಂದಿದ್ದೇವೆ, ಗಂಟಲೊಳಗೆ ಬಿಳಿ ಬಿಳಿ ಕಾಣ್ತದೆ, ಬಾಯಿ ವಾಸನೆ, ಈಗ ಕಿವಿನೋವು ಅಂತ ಅಳ್ತಾಳೆ. ಕೀವಾಗಿದೆಯಾ ಡಾಕ್ಟ್ರೇ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಆ ಬಿಳಿ ಪದರ ಕೀವಲ್ಲಮ್ಮಾ, ಗಾಯ ಮಾಯುವಾಗ ಬರುವಂಥದ್ದೇ, ಕೆರೆದು ತೆಗೀಲಿಕ್ಕೆ ಹೋಗ್ಬೇಡಿ, ವಾಸನೆಯೂ ಅದರದ್ದೇ. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ, ಅಲ್ಲಿಯ ನೋವು ಇಲ್ಲಿ ಗೊತ್ತಾಗ್ತದೆ, ಕಿವಿಗೆ ಎಣ್ಣೆ ಬಿಡ್ಬೇಡಿ. ಡಾಕ್ಟ್ರು ಬರೆದ ಪ್ಯಾರಸಿಟಮಾಲ್ ಹೊತ್ತಿಗೆ ಸರಿಯಾಗಿ ಕೊಡಿ, ಆಸ್ಪಿರಿನ್ ಬೇಡ. ಬೊಂಡ (ಎಳನೀರು), ತಣ್ಣಗಿನ ಗಂಜಿ, ಐಸ್‌ಕ್ರೀಂ (ಅಜ್ಜಿ ಶೀತ ಅಂತ ಬೈದ್ರೂ) ಏನಾದ್ರೂ ಹೋಗ್ತಾ ಇರ್ಬೇಕು, ಗಂಟಲು ಒಣಗಿದ್ರೆ ನೋವು ಜಾಸ್ತಿ. ಹಲಸಿನ ಹಪ್ಪಳ ಮಾತ್ರ 2 ವಾರ ಕಣ್ಣಿಗೆ ಬೀಳದ ಹಾಗೆ ಇಡಿ. 5ರಿಂದ 10ನೇ ದಿನದೊಳಗೆ ಪದರ ಉದುರುವಾಗ ಕೆಲವು ಮಕ್ಕಳಿಗೆ ರಕ್ತ ಬರುವುದುಂಟು, ಬಾಯಲ್ಲಿ ಹಸಿ ರಕ್ತ ಕಂಡ್ರೆ ಅಥವಾ ನಿದ್ರೆಯಲ್ಲೂ ಪದೇ ಪದೇ ನುಂಗ್ತಾ ಇದ್ರೆ ಬೆಳಗಾಗ್ಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.