ತೂಕ, ಚೀಟಿ, ಹಣ ಒಬ್ಬರ ಕೈಯಲ್ಲೇ ಇದ್ದರೆ

ಪ್ರಶ್ನೆ: ಅಡಿಕೆ ಮತ್ತು ಕಾಳುಮೆಣಸು ಖರೀದಿಸಿ ಹೊರರಾಜ್ಯಗಳಿಗೆ ಕಳುಹಿಸುವ ಖಾಸಗಿ ಕಂಪನಿಯೊಂದರಲ್ಲಿ ನಾನು ನಿರ್ದೇಶಕ. ನಮ್ಮಲ್ಲಿ ತೂಕ, ಖರೀದಿ ಚೀಟಿ, ಪಾವತಿ ಮೂರನ್ನೂ ಒಬ್ಬ ನೌಕರರೇ ನೋಡಿಕೊಳ್ಳುತ್ತಾರೆ. ಬ್ಯಾಂಕ್ ಲೆಕ್ಕದ ತಾಳೆಯೂ ಕೆಲವು ತಿಂಗಳಿಂದ ಆಗಿಲ್ಲ. ಲೆಕ್ಕಪರಿಶೋಧಕರು ಇದನ್ನು ಪತ್ರದಲ್ಲಿ ಎತ್ತಿ ತೋರಿಸಿದ್ದಾರೆ. ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆಯೆಂದು ಉಳಿದ ನಿರ್ದೇಶಕರು ಹೇಳುತ್ತಾರೆ. ಸುಮ್ಮನಿರಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸುಮ್ಮನಿರುವಂತಿಲ್ಲ. ವಿನಾಯಿತಿ ಇರುವುದು ನಿಜ, ಆದರೆ ಅದು ಪರಿಶೋಧಕರ ವರದಿಗೆ ಸಂಬಂಧಿಸಿದ್ದು. 2013ರ ಕಂಪನಿ ಕಾಯ್ದೆಯ 143ನೇ ಕಲಮಿನಂತೆ ಆಂತರಿಕ ಹಣಕಾಸು ನಿಯಂತ್ರಣಗಳು, ಅಂದರೆ ಲೆಕ್ಕದ ತಪ್ಪನ್ನೂ ವಂಚನೆಯನ್ನೂ ತಡೆಯಲು ಕಂಪನಿಯೊಳಗೇ ಇರುವ ಏರ್ಪಾಡುಗಳು, ಸಮರ್ಪಕವಾಗಿವೆಯೇ ಎಂಬುದನ್ನು ಪರಿಶೋಧಕರು ವರದಿಯಲ್ಲಿ ಹೇಳಬೇಕು. 2017ರ ಜೂನ್ ತಿಂಗಳ ಅಧಿಸೂಚನೆಯು ಸಣ್ಣ ಕಂಪನಿಗಳನ್ನೂ, ವಹಿವಾಟು 50 ಕೋಟಿ ರೂಪಾಯಿಗಿಂತ ಹಾಗೂ ಸಾಲ 25 ಕೋಟಿಗಿಂತ ಕಡಿಮೆ ಇರುವ ಖಾಸಗಿ ಕಂಪನಿಗಳನ್ನೂ, ಅವು ವಾರ್ಷಿಕ ಲೆಕ್ಕಪತ್ರಗಳನ್ನು ತಪ್ಪದೆ ಸಲ್ಲಿಸಿದ್ದರೆ, ಇದರಿಂದ ಹೊರಗಿಟ್ಟಿದೆ. ಆದರೆ ಲೆಕ್ಕವನ್ನು ಸರಿಯಾಗಿ ಇಡಲು, ಆಸ್ತಿಯನ್ನು ಕಾಪಾಡಲು, ವಂಚನೆಯನ್ನು ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೇವೆಂದು 134ನೇ ಕಲಮಿನಡಿ ನಿರ್ದೇಶಕರು ಕೊಡಬೇಕಾದ ಹೇಳಿಕೆಯಿಂದ ನಿಮ್ಮ ಕಂಪನಿಗೆ ಬಿಡುಗಡೆ ಇಲ್ಲ. ಪರಿಶೋಧಕರ ಪತ್ರವನ್ನು ಓದಿದ ಮೇಲೂ ಏನನ್ನೂ ಮಾಡದೆ ಆ ಹೇಳಿಕೆಯನ್ನು ಕೊಟ್ಟರೆ ಅದು ಸತ್ಯವಾಗುವುದಿಲ್ಲ.

ಮೊದಲು ಆ ಮೂರು ಕೆಲಸಗಳನ್ನು ಬೇರ್ಪಡಿಸಿ. ವಖಾರಿಯಲ್ಲಿ ತೂಗುವವರು ತೂಕದ ಚೀಟಿಗೆ ಮಾತ್ರ ಸಹಿ ಹಾಕಲಿ. ಅಡಿಕೆಯ ಬಗೆ ಚಾಲಿಯೋ (ಬೇಯಿಸದೆ ಒಣಗಿಸಿದ್ದು) ರಾಶಿಯೋ (ಬೇಯಿಸಿ ಒಣಗಿಸಿದ್ದು) ಎಂಬುದನ್ನೂ ದಿನದ ದರವನ್ನೂ ಇನ್ನೊಬ್ಬರು ನಮೂದಿಸಲಿ. ಹಣ ಇಬ್ಬರ ಒಪ್ಪಿಗೆಯ ಮೇಲೆ ನೇರವಾಗಿ ಬೆಳೆಗಾರರ ಬ್ಯಾಂಕ್ ಖಾತೆಗೆ ಹೋಗಲಿ. ಜನ ಸಾಲದಿದ್ದರೆ ಪಾವತಿಯ ಒಪ್ಪಿಗೆಯನ್ನು ನಿರ್ದೇಶಕರೊಬ್ಬರು ವಹಿಸಿಕೊಳ್ಳಬೇಕು. ಇದು ಆ ನೌಕರರ ಮೇಲಿನ ಅನುಮಾನವಲ್ಲ. ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗ ತಪ್ಪು ಮಾಡದವರನ್ನು ಅಪವಾದದಿಂದ ಉಳಿಸುವುದೂ ಇದೇ ವ್ಯವಸ್ಥೆ ಎಂಬುದನ್ನು ಅವರಿಗೆ ಗೌರವದಿಂದ ತಿಳಿಸಿ ಹೇಳಿ.

ಅಡಿಕೆಯಲ್ಲಿ ಇನ್ನೊಂದು ಅಪಾಯವಿದೆ. ದಾಸ್ತಾನು ಒಣಗಿ ತೂಕ ಇಳಿಯುವುದು ಸಹಜವಾದ್ದರಿಂದ ಎಲ್ಲ ಕೊರತೆಯನ್ನೂ ಒಣಗಿದ ಲೆಕ್ಕಕ್ಕೆ ಬರೆದುಬಿಡುವುದು ಬಹಳ ಸುಲಭ. ನಿಮ್ಮದೇ ಹಿಂದಿನ ವರ್ಷಗಳ ದಾಖಲೆಯಿಂದ, ಮಳೆಗಾಲಕ್ಕೂ ಬೇಸಿಗೆಗೂ ಬೇರೆಬೇರೆಯಾಗಿ, ಪ್ರತಿಯೊಂದು ಬಗೆಗೂ ಇಳಿಕೆಯ ಮಿತಿಯನ್ನು ಗೊತ್ತುಮಾಡಿ. ಮಿತಿ ಮೀರಿದಾಗ ಲಿಖಿತ ವಿವರಣೆ ಮಂಡಳಿಗೆ ಬರಲಿ. ದಾಸ್ತಾನನ್ನು ಪರಿಶೀಲಿಸುವವರು ವಖಾರಿಯ ದಿನನಿತ್ಯದ ಕೆಲಸದಲ್ಲಿ ಇಲ್ಲದವರಾಗಿರಬೇಕು.

ಬ್ಯಾಂಕ್ ತಾಳೆಯನ್ನು ಪ್ರತಿ ತಿಂಗಳೂ ಮಾಡಿಸಿ. ಲೆಕ್ಕದ ತಂತ್ರಾಂಶದಲ್ಲಿ ಮಾಡಿದ ಪ್ರತಿ ಬದಲಾವಣೆಯೂ ದಿನಾಂಕದೊಡನೆ ದಾಖಲಾಗಬೇಕು ಮತ್ತು ಆ ಸೌಲಭ್ಯವನ್ನು ನಿಲ್ಲಿಸಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಮ್ಮ ತಂತ್ರಾಂಶ ಹಾಗಿದೆಯೇ ನೋಡಿ.

ನಿಯಮ ಬರೆದಿಟ್ಟ ಮಾತ್ರಕ್ಕೆ ದೌರ್ಬಲ್ಯ ನೀಗಿತೆಂದು ತಿಳಿಯಬೇಡಿ. ಹಲವು ಕಂಪನಿಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಯಾವ ಕೆಲಸ ಯಾರ ಹೊಣೆ, ಎಂದಿನೊಳಗೆ ಎಂಬುದನ್ನು ಸಭೆಯ ನಡವಳಿಯಲ್ಲಿ ದಾಖಲಿಸಿ. ಹೊಸ ಕ್ರಮವನ್ನು ಒಂದು ಸುಗ್ಗಿ ಪೂರ್ತಿ ನಡೆಸಿ, ಬಳಿಕ ಹೊರಗಿನ ಲೆಕ್ಕಿಗರಿಂದ ಕೆಲವು ಪಾವತಿಗಳನ್ನು ಆರಿಸಿ, ತೂಕದ ಚೀಟಿಯಿಂದ ಬ್ಯಾಂಕ್ ದಾಖಲೆಯವರೆಗೆ ತಾಳೆ ನೋಡಿಸಿ.

ಪ್ರಶ್ನೆ: ನಾನು ಷೇರು ಹೊಂದಿರುವ ಕಂಪನಿಯ ಪರಿಶೋಧಕರು ಆಂತರಿಕ ನಿಯಂತ್ರಣದಲ್ಲಿ ಗಂಭೀರ ದೌರ್ಬಲ್ಯವಿದೆ ಎಂದು ವರದಿಯಲ್ಲಿ ಬರೆದಿದ್ದಾರೆ. ಲಾಭವೇನೋ ಚೆನ್ನಾಗಿದೆ. ಚಿಂತಿಸಬೇಕೇ?
– ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ಕಳವಾಗಿದೆ ಎಂದು ಅದರ ಅರ್ಥವಲ್ಲ, ಲೆಕ್ಕದಲ್ಲಿ ದೊಡ್ಡ ತಪ್ಪು ನುಸುಳಿದರೆ ಅದು ಸಕಾಲದಲ್ಲಿ ಸಿಕ್ಕಿಬೀಳದಿರುವ ಸಾಧ್ಯತೆ ಇದೆ ಎಂದರ್ಥ. ಹಾಗಿದ್ದಾಗ ಲಾಭದ ಅಂಕಿಯನ್ನೇ ನೆಚ್ಚುವುದು ಸರಿಯಲ್ಲ. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರೇ ಒಪ್ಪಿಕೊಂಡಂತೆ, ಲೆಕ್ಕಪತ್ರದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಪರಿಶೋಧಕರ ಪ್ರತಿ ಆಕ್ಷೇಪಕ್ಕೂ ನಿರ್ದೇಶಕರು ತಮ್ಮ ವರದಿಯಲ್ಲಿ ವಿವರಣೆ ಕೊಡಬೇಕು. ಅದನ್ನು ಓದಿ, ಹಿಂದಿನ ವರ್ಷದ ವರದಿಯೊಡನೆ ಹೋಲಿಸಿ. ಅದೇ ಆಕ್ಷೇಪ ಮತ್ತೆ ಬಂದಿದ್ದರೆ, ಯಾವ ಕ್ರಮ ಕೈಗೊಂಡಿರಿ, ಅದನ್ನು ಪರೀಕ್ಷಿಸಿದವರು ಯಾರು ಎಂದು ವಾರ್ಷಿಕ ಸಭೆಯಲ್ಲಿ ಕೇಳಿ.